ಕೊನೇ ಬೀದಿಗೆ ಮೊದಲ ನೀರು

ನಮ್ಮ ಬೀದಿಗೆ ಸರಿಯಾದ ಹೆಸರೊಂದಿದೆ, ಬೋರ್ಡೂ ಇದೆ. ಆದರೆ ವೈಟ್‌ಫೀಲ್ಡ್ ಮೆಟ್ರೋ ನಿಲ್ದಾಣದ ಮುಂದೆ ನಿಲ್ಲುವ ಆಟೋದವರಿಗೆ ಆ ಹೆಸರು ಹೇಳಿದರೆ ತಲೆ ಕೆರೆದುಕೊಳ್ಳುತ್ತಾರೆ. 'ಕೊನೇ ಬೀದಿ' ಎಂದರೆ ಸೀದಾ ತಂದು ಇಳಿಸುತ್ತಾರೆ. ಊರು ಮುಗಿದು ಕೆರೆ ಶುರುವಾಗುವ ಜಾಗ ಇದು. ನೀರಿನ ಪೈಪೂ ಇಲ್ಲಿಗೇ ಮುಗಿಯುತ್ತದೆ. ನಾನು ಮದುವೆಯಾಗಿ ಬಂದ ಕಾಲಕ್ಕೆ ಈ ಬೀದಿಗೆ ಹೆಣ್ಣು ಕೊಡಲು ಜನ ಹಿಂದೆಮುಂದೆ ನೋಡುತ್ತಿದ್ದರು. ನಮ್ಮಪ್ಪ ಮಾತ್ರ ಹುಡುಗ ಒಳ್ಳೆಯವನು ಎಂದು ಕೊಟ್ಟುಬಿಟ್ಟರು. ಹುಡುಗ ಒಳ್ಳೆಯವನೇ. ನಲ್ಲಿ ಒಳ್ಳೆಯದಿರಲಿಲ್ಲ.

ಈಗ ಹಾಗಿಲ್ಲ. ಈಗ ಇಡೀ ಭಾಗದಲ್ಲಿ ಮೊದಲು ನೀರು ಬರುವುದು ನಮ್ಮ ಬೀದಿಗೆ. ಅದನ್ನು ಹೇಳಿಕೊಳ್ಳುವಾಗ ನನ್ನ ಕತ್ತು ತಾನಾಗಿ ಒಂದು ಬೆರಳಷ್ಟು ಮೇಲೇಳುತ್ತದೆ ಎಂದು ನನ್ನ ಗಂಡ ಗೇಲಿ ಮಾಡುತ್ತಾರೆ. ಏಳಲಿ ಬಿಡಿ.

ಈ ಸಲದ ಮಳೆಗಾಲ ಶುರುವಾದ ಹೊಸತು. ಒಂದು ಬೆಳಿಗ್ಗೆ ನಾನು ಬಾಗಿಲಿಗೆ ನೀರು ಹಾಕುತ್ತಿದ್ದೆ. ವಾಲ್ವ್‌ಮನ್ ಮುನಿರಾಜು ಬೀದಿಯ ತುದಿಯಲ್ಲಿ ಬಗ್ಗಿ, ತನ್ನ ಉದ್ದನೆಯ ಕಬ್ಬಿಣದ ಕೀಲಿ ಹಾಕಿ ನಮ್ಮ ಲೈನಿನ ವಾಲ್ವ್ ತಿರುಗಿಸುತ್ತಿದ್ದ. ತಿರುಗಿಸಿ ಮುಗಿದ ಮೇಲೂ ಏಳಲಿಲ್ಲ.

"ಏನೋ, ಸೊಂಟ ಹಿಡ್ಕೊಂತಾ?" ಎಂದೆ.

"ಇಲ್ಲ ಟೀಚರಮ್ಮ. ಮೇಡಮ್ಮು ಓಗ್ಬಿಟ್ರಂತೆ. ಅವ್ರ ಊರಲ್ಲೇ. ಈಗ ಪೋನ್ ಬಂತು."

ನನ್ನ ಕೈಯಲ್ಲಿದ್ದ ಚೊಂಬು ಹಾಗೇ ಉಳಿಯಿತು. "ಅಂಥಾ ಸುದ್ದಿ ಬಂದಿದೆ, ನೀನು ಇಲ್ಲಿ ವಾಲ್ವ್ ತಿರುಗಿಸ್ತಾ ಕೂತಿದ್ದೀಯಲ್ಲೋ?"

"ಕೆಲ್ಸ ಬುಟ್ಟು ಓದ್ರೆ ಬಯ್ಯಲ್ವಾ ಅವ್ರು?" ಎಂದವನೇ ಕೀಲಿ ಹಿಡಿದುಕೊಂಡು ಅತ್ತುಬಿಟ್ಟ.

ಮೇಡಂ ಎಂದರೆ ನೀರಾಫೀಸಿನ ಇಂಜಿನಿಯರು. ಈ ಭಾಗದ ಕುಡಿಯುವ ನೀರು, ಒಳಚರಂಡಿ, ಜೊತೆಗೆ ಕೆರೆ, ಎಲ್ಲದರ ಉಸ್ತುವಾರಿ ಆ ಆಫೀಸಿನದು. ಅವರ ಹೆಸರನ್ನು ನಾನು ಬರೆಯುವುದಿಲ್ಲ. ಹೆಸರೆಂದರೆ ಅವರಿಗೆ ಆಗುತ್ತಿರಲಿಲ್ಲ. ಕೆರೆಯ ಏರಿಯ ಮೇಲೆ ಯಾರೋ ಉತ್ಸಾಹದಿಂದ ಅವರ ಹೆಸರು ಕೆತ್ತಿಸಿದ ಕಲ್ಲು ನೆಟ್ಟಾಗ ಅದನ್ನು ಕೀಳಿಸಿ, ಮಕಾಡೆ ಮಲಗಿಸಿ, ಬಟ್ಟೆ ಒಗೆಯಲು ಕೊಟ್ಟಿದ್ದರು. ಗಂಜಿ ಹಾಕಿದ ಹತ್ತಿ ಸೀರೆ, ಕಾಲಿಗೆ ಗಂಡಸರ ಕ್ಯಾನ್ವಾಸ್ ಶೂ, ಕುಂಟುವ ಹಳೇ ಸ್ಕೂಟರು. ಸೆರಗು ಸೊಂಟಕ್ಕೆ ಸಿಕ್ಕಿಸಿದರೆ ಯಾರಿಗೋ ಗ್ರಹಚಾರ ಕಾದಿದೆ ಎಂದು ಊರಿಗೆಲ್ಲ ಗೊತ್ತಾಗುತ್ತಿತ್ತು.

ಕೆಲಸಕ್ಕೆ ಸೇರಿದ ಹೊಸತರಲ್ಲಿ ಇದೇ ಕಡೆ ಸ್ವಲ್ಪ ಕಾಲ ಇದ್ದರಂತೆ. ಆಗ ಇಲ್ಲೆಲ್ಲ ರಾಗಿ ಹೊಲ, ನಾನಿನ್ನೂ ಬಂದಿರಲಿಲ್ಲ. ಬಹಳ ವರ್ಷದ ಮೇಲೆ ದೊಡ್ಡ ಇಂಜಿನಿಯರಾಗಿ ತಿರುಗಿ ಬಂದರು. ಬಂದ ವಾರವೇ ನಮ್ಮ ಮನೆಯ ಗೇಟು ತಟ್ಟಿದರು.

"ಅಕ್ಕ, ನಿಮ್ಮನೆ ನಲ್ಲಿ ಸ್ವಲ್ಪ ನೋಡ್ಬೇಕಿತ್ತು."

"ನೋಡಿ. ನಾವೂ ದಿನಾ ನೋಡ್ತಾನೇ ಇರ್ತೀವಿ," ಎಂದೆ. ಸರ್ಕಾರಿ ಶಾಲೆಯ ಟೀಚರು ನಾನು, ನಾಲಿಗೆ ಸ್ವಲ್ಪ ಉದ್ದ.

ಹಿತ್ತಲಿಗೆ ಬಂದು ನಲ್ಲಿ ತಿರುಗಿಸಿ, ಲೋಟ ಹಿಡಿದು ಕುಕ್ಕರುಗಾಲಲ್ಲಿ ಕೂತರು. ಗಾಳಿ ಬುಸ್ ಎಂದಿತು. ಕೆಂಪು ನೀರು ಒಂದು ಗುಟುಕು ಬಂದು ನಿಂತುಹೋಯಿತು. ಅವರು ಮಾತ್ರ ಏಳಲೇ ಇಲ್ಲ. ಅತಿಥಿ ಬಂದೇ ಬರುತ್ತಾನೆ ಎನ್ನುವಂತೆ ಲೋಟ ಹಿಡಿದುಕೊಂಡೇ ಇದ್ದರು.

"ಆಫೀಸಿನ ಲೆಕ್ಕದಲ್ಲಿ ಈಗ ನಿಮಗೆ ನೀರು ಬರ್ತಾ ಇದೆ ಅಕ್ಕ."

"ಹಾಗಾದ್ರೆ ಆಫೀಸಿನ ಲೆಕ್ಕದಲ್ಲೇ ಅನ್ನಕ್ಕೂ ಇಟ್ಟಿದ್ದೀನಿ. ಊಟ ಮಾಡ್ಕೊಂಡು ಹೋಗಿ."

ಅವರು ಗಟ್ಟಿಯಾಗಿ ನಕ್ಕರು. ಆ ನಗು ನನಗೆ ಹಿಡಿಸಿತು. ಮಾತಿಗೆ ಕೆರಳದ ಅಧಿಕಾರಿಯನ್ನು ನಾನು ಅಲ್ಲಿಯವರೆಗೆ ನೋಡಿರಲಿಲ್ಲ.

ಮಾರನೇ ವಾರ ಬೆಳ್ಳಂಬೆಳಿಗ್ಗೆ ಮುನಿರಾಜುವನ್ನು ಕರೆದುಕೊಂಡು ಬಂದು, ಮುಂದಿನ ರಸ್ತೆಗಳ ವಾಲ್ವುಗಳನ್ನೆಲ್ಲ ಮುಚ್ಚಿಸಿ, ನಮ್ಮದೊಂದನ್ನೇ ತೆಗೆಸಿದರು. ನಲ್ಲಿ ಕೆಮ್ಮಿತು, ಉಗುಳಿತು, ಆಮೇಲೆ ಧಾರೆಯಾಗಿ ಸುರಿಯಿತು. ನಮ್ಮತ್ತೆ ಬಿಂದಿಗೆ ತರುವುದನ್ನೂ ಮರೆತು ಸುಮ್ಮನೆ ನೋಡುತ್ತಾ ನಿಂತಿದ್ದರು. ನಮ್ಮ ಪಾತ್ರೆಗಳು ತುಂಬಿದ ಮೇಲೆ ಹಿಂದಿನಿಂದ ಒಂದೊಂದೇ ರಸ್ತೆ ತೆರೆಯುತ್ತಾ ಹೋದರು. ಕೊನೆಯ ಸರದಿ ಮೇನ್ ರೋಡಿನ ದೊಡ್ಡ ದೊಡ್ಡ ಅಪಾರ್ಟ್‌ಮೆಂಟುಗಳದ್ದು.

ಕಡೆಯಿಂದ ಯಾಕೆ ಶುರು ಎಂದು ಕೇಳಿದ್ದಕ್ಕೆ ತಮ್ಮ ಮನೆಯ ಕಥೆ ಹೇಳಿದರು. "ನಾವು ಕೋಲಾರದ ಕಡೆಯೋರು. ನಮ್ಮ ತಾತ ನೀರುಗಂಟಿ ಕಣಕ್ಕ, ಕೆರೆ ತೂಬು ಎತ್ತಿ ಗದ್ದೆಗೆ ನೀರು ಬಿಡೋರು. ಕೆರೆ ತುಂಬಿದ ವರ್ಷ ಮುಂದಿನ ಗದ್ದೆಯಿಂದ ಶುರು. ನೀರು ಕಮ್ಮಿಯಾದ ವರ್ಷ ಕಡೇ ಗದ್ದೆಯಿಂದ ಶುರು. ಮುಂದಿನೋರು ತಮ್ಮ ಗದ್ದೆ ಪಕ್ಕದಲ್ಲೇ ನೀರು ಹರಿದು ಹೋಗೋದನ್ನ ನೋಡ್ತಾ ಕಾಯ್ಬೇಕು. ಆಗ್ಲೇ ಅವ್ರು ಗುದ್ದಲಿ ತಗೊಂಡು ಕಾಲುವೆ ಹೂಳೆತ್ತೋದು. ಇಲ್ದಿದ್ರೆ ಕಾಲುವೆ ಕಡೆ ತಿರುಗಿಯೂ ನೋಡ್ತಿರಲಿಲ್ಲ."

ಆ ಮಾತು ನಮ್ಮಲ್ಲೂ ಹಾಗೇ ನಡೆಯಿತು. ಅಪಾರ್ಟ್‌ಮೆಂಟೊಂದರ ಅಸೋಸಿಯೇಷನ್ ಅಧ್ಯಕ್ಷರು ಕೆಂಡವಾಗಿ ಆಫೀಸಿಗೆ ಬಂದರು. ಶಾಲೆಯ ನಲ್ಲಿ ಅರ್ಜಿ ಹಿಡಿದು ನಾನೂ ಅಲ್ಲೇ ಕೂತಿದ್ದೆ.

"ಮೇಡಂ, ಪ್ರೆಷರ್ ತುಂಬಾ ಲೋ. ನಾವು ಟ್ಯಾಕ್ಸ್ ಕಟ್ಟೋ ಜನ."

"ಕೊನೇ ಬೀದಿಯೋರೂ ಕಟ್ತಾರೆ ಸಾರ್. ನಾನು ಬಿಡೋ ನೀರು ನಿಮಗೆ ಸಾಕಾಗ್ಬೇಕು. ಸಾಕಾಗ್ತಿಲ್ಲ ಅಂದ್ರೆ ನಿಮ್ಮ ಲೈನಲ್ಲೇ ಎಲ್ಲೋ ಸೋರ್ತಿದೆ. ಹುಡುಕಿಸಿ, ಆಮೇಲೆ ಬನ್ನಿ, ಕಾಫಿ ಕುಡಿಯೋಣ."

ಅವರು ಗೊಣಗುತ್ತಾ ಹೋಗಿ ಹುಡುಕಿಸಿದರು. ಹುಲ್ಲುಹಾಸಿನ ಕೆಳಗೆ ಪೈಪು ಒಡೆದು, ವರ್ಷಗಟ್ಟಲೆ ಅವರ ತೋಟ ಸುಮ್ಮಸುಮ್ಮನೆ ಹಸಿರಾಗಿತ್ತಂತೆ. ಕಾಫಿಗೆ ಮಾತ್ರ ಬರಲಿಲ್ಲ.

ಕಾಫಿ ಎಂದಾಗ ಇನ್ನೊಂದು ನೆನಪಾಗುತ್ತದೆ. ಕೆರೆಗೆ ನೀರು ಬಂದು ಸೇರುವ ಬಾಯಿಯಲ್ಲಿ ನೊರೆ ಎದ್ದು ಗಬ್ಬು ನಾರುತ್ತಿತ್ತು. ಅಪಾರ್ಟ್‌ಮೆಂಟಿನವರು ಕೊಳಚೆ ಶುದ್ಧ ಮಾಡುವ ಯಂತ್ರವನ್ನು ಶೋಕಿಗೆ ಇಟ್ಟುಕೊಂಡು, ಹೊಲಸನ್ನು ಮೋರಿಗೆ ಬಿಡುತ್ತಿದ್ದರು. ನೋಟಿಸು ಕೊಟ್ಟರೆ ಉತ್ತರ ಬರುತ್ತಿತ್ತೇ ಹೊರತು ಒಳ್ಳೇ ನೀರು ಬರುತ್ತಿರಲಿಲ್ಲ. ಮೇಡಂ ಒಂದು ಸಭೆ ಕರೆದರು. ಎಲ್ಲ ಅಸೋಸಿಯೇಷನ್ನಿನವರೂ ಇಸ್ತ್ರಿ ಮಾಡಿದ ಷರ್ಟಿನಲ್ಲಿ ಬಂದರು. ಬಂದು ನೋಡಿದರೆ ಕುರ್ಚಿ, ಮೇಜು, ಶಾಮಿಯಾನ ಎಲ್ಲ ಆ ಬಾಯಿಯ ಪಕ್ಕದಲ್ಲೇ ಹಾಕಿದೆ. ಮೇಜಿನ ಮೇಲೆ ಕಾಫಿ, ಉಪ್ಪಿಟ್ಟು.

"ತಗೊಳ್ಳಿ ಸಾರ್, ಬಿಸಿ ಇದೆ. ನಮಗೇನೂ ಅವಸರ ಇಲ್ಲ, ಎಲ್ಲರೂ ಒಪ್ಪೋತನಕ ಮಾತಾಡೋಣ," ಎಂದು ತಾವೂ ಕೂತರು.

ಅಷ್ಟು ಬೇಗ ಮುಗಿದ ಸರ್ಕಾರಿ ಸಭೆಯನ್ನು ನಾನು ಕಂಡಿಲ್ಲ. ಮೂಗಿಗೆ ಕರ್ಚೀಫು ಹಿಡಿದುಕೊಂಡೇ ಎಲ್ಲರೂ ತಲೆಯಾಡಿಸಿದರು. ಆಮೇಲೆ ಯಂತ್ರಗಳು ನಿಜವಾಗಿ ಓಡಿದವು. ಶುದ್ಧವಾದ ನೀರು ಜೊಂಡು ಬೆಳೆಸಿದ ಹೊಂಡದಲ್ಲಿ ನಿಂತು, ತಿಳಿಯಾಗಿ ಕೆರೆಗೆ ಇಳಿಯತೊಡಗಿತು. ಕೆರೆ ತುಂಬಿದ್ದರೆ ಸುತ್ತಲಿನ ಬೋರ್‌ವೆಲ್ಲುಗಳಲ್ಲಿ ನೀರು. ಆ ಬೋರ್‌ವೆಲ್ಲುಗಳ ನೀರು ಏರಿಯ ಕೆಳಗಿನ ಪಂಪ್ ಹೌಸಿಗೆ, ಅಲ್ಲಿಂದ ನಮ್ಮೆಲ್ಲರ ನಲ್ಲಿಗೆ. ಕಾವೇರಿ ನೀರು ಬಂದಾಗ ಬಂತು, ಇಲ್ಲವಾದಾಗ ಇಲ್ಲ. ಕೆರೆ ಬತ್ತಿದ ಬೇಸಿಗೆಗಳಲ್ಲಿ ನಾವು ಟ್ಯಾಂಕರಿನ ಹಿಂದೆ ಕೊಡ ಹಿಡಿದು ಓಡಿದ್ದೇವೆ. ಹಾಗಾಗಿ ಕೆರೆ ಉಳಿದರೆ ನಾವು ಉಳಿದಂತೆ ಎಂಬುದನ್ನು ನಮಗೆ ಯಾರೂ ಪಾಠ ಹೇಳಬೇಕಾಗಿರಲಿಲ್ಲ.

ಮೇಡಂ ಬಂದ ಮೇಲೆ ಮೊದಲ ಸಲ ಕೆರೆ ತುಂಬಿ ಕೋಡಿ ಬಿದ್ದಾಗ ಊರಿನ ಹೆಂಗಸರೆಲ್ಲ ಬಾಗಿನ ಬಿಡಲು ಹೋದೆವು. ಮೊರದ ಜೊತೆ ಬಳೆ, ರವಿಕೆ ಕಣ, ಅರಿಶಿನ ಕುಂಕುಮ, ತೆಂಗಿನಕಾಯಿ. ಕಾಲ ಬದಲಾಗಿದೆ, ಎಲ್ಲವೂ ಪ್ಲಾಸ್ಟಿಕ್ ಕವರಿನಲ್ಲಿ. ಮೇಡಂ ಏರಿಯ ಮೇಲೆ ಸೆರಗು ಸಿಕ್ಕಿಸಿಕೊಂಡು ನಿಂತಿದ್ದರು.

"ಗಂಗಮ್ಮಂಗೆ ಪ್ಲಾಸ್ಟಿಕ್ ಉಡಿಸ್ತೀರಾ? ನೀರಿಗೆ ಮುಟ್ಟಿಸಿ ಸಾಕು. ಮುಟ್ಟಿಸಿ ಮೇಲೆ ತಗೊಳ್ಳಿ."

"ತಗೊಂಡು?" ಎಂದರು ನಮ್ಮತ್ತೆ, ಹುಬ್ಬು ಗಂಟು ಹಾಕಿ.

"ಪೈಪಿನ ಕಡೇ ಮನೆಯಾಕೆಗೆ ಕೊಡಿ. ಗಂಗಮ್ಮ ಎಲ್ಲರ ಮನೆ ದಾಟಿ ಹೋಗೋದು ಅವಳ ಮನೆಗೇ ತಾನೇ?"

ಕಡೇ ಮನೆ ಎಂದರೆ ನಮ್ಮ ಬೀದಿಯೂ ಮುಗಿದ ಮೇಲೆ ಕೆರೆಯಂಚಿನಲ್ಲಿರುವ ಶೀಟಿನ ಮನೆಗಳು. ಅಲ್ಲಿ ಕೊನೆಯದು ಯಲ್ಲವ್ವನದು. ಯಾದಗಿರಿ ಕಡೆಯವಳು. ಕಟ್ಟಡ ಕೆಲಸಕ್ಕೆ ಗಂಡನ ಜೊತೆ ಬಂದು, ಗಂಡ ತೀರಿಹೋದ ಮೇಲೆ ಅಪಾರ್ಟ್‌ಮೆಂಟಿನಲ್ಲಿ ಕಸ ಗುಡಿಸಿಕೊಂಡಿದ್ದಳು. ಬಾಗಿನ ಮುತ್ತೈದೆಗೆ ಕೊಡುವುದಲ್ಲವೇ ಎಂದು ನಮ್ಮತ್ತೆ ರಾಗ ಎಳೆದರು.

"ಗಂಗಮ್ಮ ತಾಳಿ ನೋಡ್ಕೊಂಡು ಹರೀತಾಳೇನಮ್ಮ?" ಎಂದರು ಮೇಡಂ. ಅವರೂ ಗಂಡನಿಲ್ಲದವರೇ ಎಂಬುದು ಆಮೇಲೆ ತಿಳಿಯಿತು. ಅತ್ತೆ ಮೊದಲ ಮೊರವನ್ನು ತಾವೇ ಯಲ್ಲವ್ವನ ಕೈಗಿಟ್ಟರು. ಅಂದಿನಿಂದ ಅದು ನಮ್ಮೂರ ಪದ್ಧತಿ.

ಇನ್ನು ಆ ಮಳೆಯ ದಿನ. ಅದನ್ನು ಬರೆಯದೆ ಮೇಡಂ ಬಗ್ಗೆ ಬರೆದಂತಾಗುವುದಿಲ್ಲ.

ಅವರ ನಿವೃತ್ತಿಗೆ ಹೆಚ್ಚು ಕಾಲ ಉಳಿದಿರಲಿಲ್ಲ. ಮೂರು ದಿನ ಹಿಡಿದ ಮಳೆ ಬಿಡಲೇ ಇಲ್ಲ. ಕೆರೆ ಕೋಡಿಯ ಮಟ್ಟವನ್ನೂ ಮೀರಿ ಏರುತ್ತಾ ಬಂತು. ಬೆಳಿಗ್ಗೆ ಎದ್ದರೆ ಶೀಟಿನ ಮನೆಗಳೊಳಗೆ ಮೊಣಕಾಲುದ್ದ ನೀರು. ಯಲ್ಲವ್ವ ತಲೆಯ ಮೇಲೆ ಅಕ್ಕಿ ಚೀಲ ಹೊತ್ತು ನಮ್ಮ ಜಗುಲಿಗೆ ಬಂದಳು. "ಯಕ್ಕಾ, ಮನ್ಯಾಗ ನೀರ ಹೊಕ್ಕೈತ್ರಿ, ಒಲಿ ಸುದ್ದಾ ತೇಲಾಕತ್ತೈತಿ," ಎಂದು ಗೋಳಾಡಿದಳು. ಕೆರೆಯ ಆ ಬದಿಯ ಅಪಾರ್ಟ್‌ಮೆಂಟಿನ ನೆಲಮಾಳಿಗೆಯಲ್ಲಿ ಕಾರುಗಳು ಮುಳುಗಿದ್ದವು.

ಆ ಅಪಾರ್ಟ್‌ಮೆಂಟಿನವರೇ ಜೆಸಿಬಿ ತರಿಸಿದ್ದು. ಏರಿಯನ್ನು ಒಂದು ಕಡೆ ಕತ್ತರಿಸಿಬಿಟ್ಟರೆ ನೀರು ಇಳಿಯುತ್ತದೆ ಎಂದು ಅವರ ಲೆಕ್ಕ. ಇಳಿಯುವುದೇನೋ ನಿಜ. ಕೆರೆಗೆ ಕೆರೆಯೇ ಖಾಲಿಯಾಗುತ್ತಿತ್ತು, ಏರಿಯ ಕೆಳಗಿನ ಮನೆಗಳು ಕೊಚ್ಚಿಹೋಗುತ್ತಿದ್ದವು, ಮುಂದಿನ ಬೇಸಿಗೆಗೆ ನಾವು ಮತ್ತೆ ಟ್ಯಾಂಕರಿನ ಹಿಂದೆ. ಆದರೆ ಜಗುಲಿಯ ಮೇಲೆ ನಡುಗುತ್ತಾ ಕೂತ ಯಲ್ಲವ್ವನಿಗೆ ಮುಂದಿನ ಬೇಸಿಗೆಯ ಮಾತು ಯಾವ ಬಾಯಲ್ಲಿ ಹೇಳುವುದು? ನನಗೆ ಏನು ಬೇಕೆಂದು ನನಗೇ ತಿಳಿಯದೆ ಕೊಡೆ ಹಿಡಿದು ಏರಿಗೆ ಓಡಿದೆ.

ಮೇಡಂ ಅಷ್ಟರಲ್ಲೇ ಜೆಸಿಬಿಯ ಮುಂದೆ ನಿಂತಿದ್ದರು. ಕೊಡೆಯಿಲ್ಲ, ಸೀರೆ ಒದ್ದೆ ಮುದ್ದೆ.

"ಮೇಡಂ, ಮೂವ್ ಆಗಿ. ಅಲ್ಲಿ ಜನ ಮುಳುಗ್ತಾ ಇದಾರೆ!" ಎಂದು ಅದೇ ಅಸೋಸಿಯೇಷನ್ ಅಧ್ಯಕ್ಷರು ಕಿರುಚುತ್ತಿದ್ದರು.

"ಮುಳುಗೋಕೆ ಬಿಡಲ್ಲ. ಏರಿ ಮುಟ್ಟೋಕೂ ಬಿಡಲ್ಲ. ಸ್ವಲ್ಪ ಹೊತ್ತು ಕೊಡಿ ನಂಗೆ."

ಜಗಳ ಆಡುತ್ತಲೇ ಅವರ ಕಣ್ಣು ಕೋಡಿಯ ಕೆಳಗಡೆ ಇತ್ತು. ಕೋಡಿಯಿಂದ ಬಿದ್ದ ನೀರು ಕಾಲುವೆ ಹಿಡಿದು ಮುಂದಿನ ಕೆರೆಗೆ ಓಡಬೇಕು. ಅದು ಓಡುತ್ತಿರಲಿಲ್ಲ, ಮಡುಗಟ್ಟಿ ನಿಂತಿತ್ತು. ಕೆಳಗಿನ ನೀರು ಕೋಡಿಯ ಎತ್ತರಕ್ಕೇ ಬಂದಿದ್ದರಿಂದ ಮೇಲಿನ ನೀರಿಗೆ ಹೋಗಲು ದಾರಿಯಿರಲಿಲ್ಲ. "ಎಲ್ಲೋ ಕಟ್ಕೊಂಡಿದೆ," ಎಂದವರೇ ಕಾಲುವೆಯ ಅಂಚು ಹಿಡಿದು ಇಳಿದು ಹೊರಟರು. ನಾನು, ಮುನಿರಾಜು, ಅಧ್ಯಕ್ಷರು ಹಿಂದೆ ಹಿಂದೆ.

ಕಾಲುವೆ ನೇರವಾಗಿ ಹೋಗಿ ಒಂದು ಕಾಂಪೌಂಡಿಗೆ ಗುದ್ದಿ ನಿಂತಿತ್ತು. ಅದು ನೀರಾಫೀಸಿನದೇ ಪಂಪ್ ಹೌಸ್. ಗೋಡೆಯ ಬುಡದಲ್ಲೊಂದು ಪೈಪು ಬಿಟ್ಟಿದ್ದರು. ಅದರ ಬಾಯಿಗೆ ಕಸ, ಜೊಂಡು, ಹಾಸಿಗೆಯೊಂದರ ಸ್ಪಂಜು ತುಂಬಿಕೊಂಡಿತ್ತು. ಅದು ತೆರೆದಿದ್ದರೂ ಅಷ್ಟು ನೀರು ಅದರಲ್ಲಿ ಹಿಡಿಸುವಂತಿರಲಿಲ್ಲ.

ಮೇಡಂ ಆ ಗೋಡೆಯನ್ನು ಸ್ವಲ್ಪ ಹೊತ್ತು ನೋಡಿದರು. ಅವರ ಮುಖ ಹಾಗೆ ಬಾಡಿದ್ದನ್ನು ನಾನು ಅದೊಂದೇ ಸಲ ಕಂಡದ್ದು.

"ಈ ಗೋಡೆ ಹಾಕ್ಸಿದ್ದು ನಾನೇ," ಎಂದರು. ಎಲ್ಲರಿಗೂ ಕೇಳುವಂತೆಯೇ ಹೇಳಿದರು. "ಕೆಲಸಕ್ಕೆ ಸೇರಿದ ಹೊಸತು. ಬೇಸಿಗೆಯಲ್ಲಿ ಬಂದು ಅಳತೆ ಮಾಡ್ದೆ. ಕಾಲುವೆ ಒಣಗಿತ್ತು, ಗಾಡಿ ಓಡಾಡಿದ ಜಾಡು ಬಿದ್ದಿತ್ತು. ನಾನು ಗಾಡಿ ದಾರಿ ಅಂತ ನಕ್ಷೆಗೆ ಹಾಕ್ಬಿಟ್ಟೆ. ನೀರುಗಂಟಿ ಮೊಮ್ಮಗಳು, ನೀರಿನ ದಾರೀನ ಗಾಡಿ ದಾರಿ ಅಂದೆ."

ಅಧ್ಯಕ್ಷರು ಬಾಯಿ ತೆರೆದರು. ಮೇಡಂ ಅದಕ್ಕೆ ಅವಕಾಶ ಕೊಡಲಿಲ್ಲ. "ನಿಮ್ಮ ಜೆಸಿಬಿ ಇಲ್ಲಿಗೆ ಕಳ್ಸಿ ಸಾರ್. ಏರಿ ಬೇಡ, ಇದನ್ನ ಒಡೀಬೇಕು."

ಪಂಪ್ ಆಪರೇಟರು ಓಡಿ ಬಂದ. "ಮೇಡಂ, ಒಳಗೆ ಮೋಟ್ರು ಅವೆ. ಆರ್ಡರ್ ಇಲ್ದೆ ಗೌರ್ಮೆಂಟ್ ಗೋಡೆ ಒಡೆದ್ರೆ ನಿಮ್ ಪೆನ್ಷನ್ನಿಗೇ ಕುತ್ತು ಬತ್ತದೆ."

ಮೇಡಂ ಮೇಲಧಿಕಾರಿಗೆ ಫೋನು ಹಚ್ಚಿದರು. ಮೀಟಿಂಗಿನಲ್ಲಿದ್ದಾರೆ ಎಂದು ಉತ್ತರ ಬಂತು. ಫೋನನ್ನು ನನ್ನ ಕೈಗೆ ಕೊಟ್ಟು, "ತಿರುಗಿ ಮಾಡಿದ್ರೆ, ಗೋಡೆ ಒಡೀತಾ ಇದಾರೆ ಅಂತ ಹೇಳಿ ಟೀಚರೇ," ಎಂದರು. ಮೋಟರು ನಿಲ್ಲಿಸಿ ಕರೆಂಟು ತೆಗೆಸಿದರು. ಪಂಪು ಇದ್ದ ಕೋಣೆಯ ಸುತ್ತ ಮರಳು ಚೀಲ ಒತ್ತಿಸಿದರು. ಚೀಲ ಹೊರಲು ಶೀಟಿನ ಮನೆಯ ಗಂಡಸರು ಬಂದರು, ಅವರ ಹಿಂದೆ ಸೀರೆ ಎತ್ತಿ ಕಟ್ಟಿಕೊಂಡು ಯಲ್ಲವ್ವನೂ ಬಂದಳು. ಅಧ್ಯಕ್ಷರು ಪ್ಯಾಂಟು ಮಡಚಿಕೊಂಡು ತಾವೂ ಒಂದು ಚೀಲ ಹೊತ್ತರು. ಅದನ್ನೂ ಹೇಳಬೇಕು.

ಆಮೇಲೆ ಜೆಸಿಬಿಯ ಕೈ ಎದ್ದಿತು. ಈಚೆ ಗೋಡೆ ಬಿತ್ತು, ಆಚೆ ಗೋಡೆಯೂ ಬಿತ್ತು. ಮಡುಗಟ್ಟಿದ್ದ ನೀರು ಒಮ್ಮೆ ಹೊರಳಿ, ತನ್ನ ಹಳೇ ದಾರಿ ನೆನಪಾದಂತೆ ಪಂಪ್ ಹೌಸಿನ ಅಂಗಳದ ನಡುವೆ ನುಗ್ಗಿತು. ಮಧ್ಯಾಹ್ನದ ಹೊತ್ತಿಗೆ ಯಲ್ಲವ್ವನ ಹೊಸಿಲು ಕಾಣಿಸಿತು. ಸಂಜೆಗೆ ಕೆರೆ ಸರಿಯಾಗಿ ಕೋಡಿಯ ಮಟ್ಟಕ್ಕೆ ಬಂದು ನಿಂತಿತು. ಒಂದು ಕೊಡವೂ ಹೆಚ್ಚು ಹೋಗಿರಲಿಲ್ಲ.

ನಾನು ಆ ದಿನ ಏರಿಯ ಮೇಲೆ ನಿಂತು ಅಳುತ್ತಿದ್ದೆ. ದುಃಖಕ್ಕಲ್ಲ, ಹೆಮ್ಮೆಗೆ. ಇಂಥವರು ನಮ್ಮ ಊರಿನ ನೀರಿಗೆ ಕಾವಲಿದ್ದಾರಲ್ಲ ಎಂಬ ಹೆಮ್ಮೆಗೆ.

ಮೋಟರು ಒಣಗಿಸಿ ಮತ್ತೆ ನೀರು ಬಿಡಲು ಕೆಲವು ದಿನ ಹಿಡಿಯಿತು. ಬಿಟ್ಟಾಗ ಮೊದಲ ಧಾರೆ ನಮ್ಮ ಬೀದಿಗೇ. ಅವರಿಗೆ ಮಾತ್ರ ಕಾರಣ ಕೇಳಿ ನೋಟಿಸು ಬಂತು. ಬರಬೇಕಿದ್ದ ಬಡ್ತಿ ನಿಂತಿತು, ಅದೇ ಕುರ್ಚಿಯಲ್ಲೇ ನಿವೃತ್ತರಾದರು. ನಮ್ಮ ಬೀದಿಯವರು ಕೊತಕೊತ ಕುದಿಯುತ್ತಿದ್ದರೆ ಅವರು, "ನನ್ನ ಗೋಡೇನ ನಾನೇ ಬೀಳ್ಸೋ ಭಾಗ್ಯ ಎಷ್ಟು ಜನ ಇಂಜಿನಿಯರಿಗೆ ಸಿಗುತ್ತೆ ಟೀಚರೇ?" ಎಂದು ನಗುತ್ತಿದ್ದರು. ಆ ಗೋಡೆಯನ್ನು ಯಾರೂ ಮತ್ತೆ ಕಟ್ಟಲಿಲ್ಲ. ಪಂಪ್ ಹೌಸಿನ ಕಾಂಪೌಂಡು ಇವತ್ತಿಗೂ ಎರಡು ಕಡೆ ತೆರೆದೇ ಇದೆ, ನಡುವೆ ಕಾಲುವೆ.

ಮುನಿರಾಜು ಸುದ್ದಿ ತಂದ ಮೇಲೆ ಮಳೆ ಚೆನ್ನಾಗಿ ಹಿಡಿಯಿತು, ಹೋದ ವಾರ ಕೆರೆ ಕೋಡಿ ಬಿತ್ತು. ದೊಡ್ಡ ಮನುಷ್ಯರೆಲ್ಲ ಏರಿಯ ಮೇಲೆ ಫೋಟೋಕ್ಕೆ ನಿಂತಿದ್ದರು. ನಮ್ಮ ಬೀದಿಯ ಹೆಂಗಸರು ಆ ಕಡೆ ಹೋಗಲಿಲ್ಲ. ಗೋಡೆ ಬಿದ್ದ ಜಾಗಕ್ಕೆ ಹೋಗಿ, ಹರಿಯುವ ನೀರಿಗೆ ಮೊರ ಮುಟ್ಟಿಸಿ ಮೇಲೆತ್ತಿಕೊಂಡೆವು. ಪ್ಲಾಸ್ಟಿಕ್ ಕವರು ಯಾರ ಕೈಯಲ್ಲೂ ಇರಲಿಲ್ಲ. ಮುನಿರಾಜು ದೂರದಲ್ಲಿ ಕೀಲಿ ಹಿಡಿದು ನಿಂತಿದ್ದ.

ಪದ್ಧತಿಯಂತೆ ಮೊರ ಹಿಡಿದು ಯಲ್ಲವ್ವನ ಮನೆಗೆ ಹೋದೆವು. ಅವಳು ಕೈ ಒಡ್ಡಲಿಲ್ಲ. ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು ಆಚೆ ತೋರಿಸಿದಳು. ಅಲ್ಲಿ ಹೊಸದಾಗಿ ಇನ್ನೊಂದು ಶೀಟಿನ ಮನೆ ಎದ್ದಿತ್ತು, ಪೈಪೂ ಅಲ್ಲಿಯವರೆಗೆ ಹೋಗಿತ್ತು.

"ನಮ್ದ ಈಗ ಕಡೀ ಮನಿ ಅಲ್ರೀ ಟೀಚರ್."

ನನ್ನ ಕೈಯಿಂದ ಮೊರ ತೆಗೆದುಕೊಂಡು, ತಾನೇ ನಡೆದು ಹೋಗಿ, ಆ ಮನೆಯ ಮುಂದೆ ಪಾತ್ರೆ ತಿಕ್ಕುತ್ತಿದ್ದ ಹೆಂಗಸಿನ ಮಡಿಲಿಗೆ ಹಾಕಿದಳು. ಬಂದು ತಿಂಗಳೂ ಆಗಿರದ ಆಕೆ ಬೆರಗಾಗಿ ನಮ್ಮನ್ನೆಲ್ಲ ನೋಡಿದಳು.

"ಇದನ್ನ ಯಾರ್ ಕೊಟ್ಟಾರಬೇ?"

"ನಮ್ಮ ಮೇಡಮ್ಮಾರು," ಎಂದಳು ಯಲ್ಲವ್ವ.

ಆಕೆಯ ನಲ್ಲಿಯಲ್ಲಿ ಆಗಲೇ ನೀರು ಬರುತ್ತಿತ್ತು. ಮೇನ್ ರೋಡಿನವರಿಗೆ ಇನ್ನೂ ಬಿಟ್ಟಿರಲಿಲ್ಲ.